ಅಪ್‌ಡೇಟ್: ಮಗನ ಕಾಮಾಲೆಗೆ ಕಾರಣ ಬಹುತೇಕ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಮೂರು ವರ್ಷದ ಮಗನಿಗೆ ಜ್ವರ, ಕಣ್ಣು ಹಳದಿ, ಹಿಮೋಗ್ಲೋಬಿನ್ ಬರೀ 4.8 ಅಂತ. ರಕ್ತ ಏರಿಸಿದರು, ಎದೆಯ ಸೋಂಕಿಗೆ ಔಷಧಿ ಕೊಟ್ಟರು. ಈಗ ವಿಜಯಪುರದ ಮನೆಯಲ್ಲಿ ಆರಾಮಿದ್ದಾನೆ.

ಇಲ್ಲಿ ಕೆಲವರು ಅಂದ ಹಾಗೆ ಮಲೇರಿಯಾ ಅಲ್ಲ. ನಾಟಿ ಔಷಧಿಗೆ ಒಂದು ದಿನ ಸುಮ್ನೆ ಹೋಯಿತು. "ಮೂತ್ರದ ಬಣ್ಣ ನೋಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ಕಡಕ್ ಚಹಾದ ಹಾಗಿತ್ತು! ಹೇಳಿದ ಕೂಡಲೇ ಡಾಕ್ಟರು ಕೇಳಿದ್ದು: ಮನೆಯಲ್ಲಿ ಡಾಂಬರ್ ಗುಳಿಗೆ ಇದೆಯಾ? ಟ್ರಂಕಿನ ಕೌದಿಗಳ ನಡುವೆ ಇದ್ದವು. ಇವನು ಅಲ್ಲೇ ಆಡುತ್ತಿದ್ದ.

ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದರೆ ಆ ಗುಳಿಗೆ, ಕೆಲವು ಮಾತ್ರೆ, ಸೋಂಕು, ಯಾವುದರಿಂದಲೂ ಕೆಂಪು ರಕ್ತಕಣ ಒಡೆಯಬಹುದಂತೆ. ವಿಚಿತ್ರ ಅಂದರೆ ಆ ಕೊರತೆಯ ಪರೀಕ್ಷೆ ನಾರ್ಮಲ್ ಬಂತು! ಕೊರತೆಯಿರುವ ಹಳೆಯ ಕಣಗಳು ಆಗಲೇ ಒಡೆದಿರುತ್ತವೆ, ಏರಿಸಿದ ರಕ್ತವೂ ಬೆರೆತಿರುತ್ತದೆ, ಅಲ್ವಾ? ಮೂರು ತಿಂಗಳ ನಂತರ ಮತ್ತೆ ಮಾಡಿಸಬೇಕು. ಬಂದ ಮೇಲೆ ತಿಳಿಸುತ್ತೇನೆ.