ಅಜ್ಜಿಯ ನವಿಲನ್ನು ಅಂಟಿನಲ್ಲಿ ಅದ್ದಬೇಡ

ಪುಟ್ಟೀ, ಮೊದಲು ಒಂದು ಕೆಲಸ ಮಾಡು. ಅಜ್ಜಿ ಹೆಣೆದ ನವಿಲಿನ ಕ್ರೋಶಾ ಬಟ್ಟೆಯನ್ನು ಆ ಅಂಟಿನ ಬೋಗುಣಿಯ ಹತ್ತಿರದಿಂದ ಎತ್ತಿ ಬೀರುವಿನಲ್ಲಿ ಇಟ್ಟು ಬಾ. ಆಮೇಲೆ ಉಳಿದದ್ದನ್ನು ಕೇಳು. ಉದ್ದವಾಗುತ್ತದೆ, ಆದರೂ ಪೂರ್ತಿ ಕೇಳು.

ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದನ್ನು ಎರಡು ಸಲ ಓದಿದೆ. ಗೌರಿ ಹಬ್ಬಕ್ಕೆ ಬರುವವರಿಗೆ ತಾಂಬೂಲ ಕೊಡಲು ಹನ್ನೆರಡು ಕ್ರೋಶಾ ಬುಟ್ಟಿ ಹೆಣೆದಿದ್ದೀಯೆ. ಕೈಯಲ್ಲಿ ಹಿಡಿದರೆ ಚೆಂದ, ಮೇಜಿನ ಮೇಲಿಟ್ಟರೆ ಅಂಚು ಮುದುಡಿ ಕುಸಿದು ಕೂರುತ್ತವೆ. ಹಬ್ಬಕ್ಕೆ ಹತ್ತೇ ದಿನ. ನಿನ್ನ ಮಾವ ಸಕ್ಕರೆ ಪಾಕ ಹಾಕು ಎಂದ, ಚಿಕ್ಕಮ್ಮ ಫೆವಿಕಾಲ್ ಎಂದಳು. ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೊನೆಯಲ್ಲಿ ನೀನು, ಹೇಗೂ ಅಂಟು ಕಲಸಿಟ್ಟಿದ್ದೇನೆ, ಉಳಿದದ್ದರಲ್ಲಿ ಅಜ್ಜಿಯ ನವಿಲನ್ನೂ ಅದ್ದಿ ನೆಟ್ಟಗೆ ಮಾಡಿಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು.

ಬುಟ್ಟಿಯೂ ಹತ್ತಿ ದಾರದ್ದೇ, ನವಿಲೂ ಹತ್ತಿ ದಾರದ್ದೇ. ಆದರೆ ಬುಟ್ಟಿ ಹಬ್ಬದ ದಿನ ಬೇರೆಯವರ ಮನೆ ಸೇರುತ್ತದೆ, ಅದನ್ನು ಯಾರೂ ತೊಳೆಯುವುದಿಲ್ಲ. ನವಿಲು ನಿನ್ನ ಮಗಳ ಕಾಲಕ್ಕೂ ಇರಬೇಕು. ಯಾವುದಕ್ಕೇ ಬಿಗಿ ಹಾಕುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ನಾಳೆ ಬೇಡವೆನಿಸಿದರೆ ಇದು ತೊಳೆದರೆ ಹೋಗುತ್ತದೆಯೇ? ಗಂಜಿ ಹೋಗುತ್ತದೆ. ಅಂಟು ಒಣಗಿದ ಮೇಲೆ ನೂಲಿನೊಳಗೇ ಪ್ಲಾಸ್ಟಿಕ್ಕಿನ ಹಾಗೆ ಕೂತುಬಿಡುತ್ತದೆ. ನೆನೆಸಿದರೆ ಬೆಳ್ಳಗಾಗಿ ಮೆತ್ತಗಾಗುತ್ತದೆಯೇ ಹೊರತು ಪೂರ್ತಿ ಬಿಡುವುದಿಲ್ಲ. ವರ್ಷ ಕಳೆದಂತೆ ಹಳದಿಯಾದರೂ ಏನೂ ಮಾಡುವ ಹಾಗಿಲ್ಲ.

ಆ ನವಿಲು ಹೇಗೆ ಆಗಿದೆ ಎಂದು ಬೆಳಕಿಗೆ ಹಿಡಿದು ಒಮ್ಮೆ ನೋಡು. ಇಡೀ ಬಟ್ಟೆ ಸಣ್ಣ ಸಣ್ಣ ಚೌಕದ ಮನೆಗಳು. ಕೆಲವು ಮನೆ ಡಬಲ್ ಕ್ರೋಶಾ ಎಂಬ ಉದ್ದ ಹೆಣಿಗೆಯಿಂದ ತುಂಬಿವೆ, ಕೆಲವು ಖಾಲಿ. ತುಂಬಿದ ಮನೆಗಳೇ ಸೇರಿ ಕೊಕ್ಕು, ಕತ್ತು, ಗರಿ. ಖಾಲಿ ಮನೆಯಲ್ಲಿ ಅಂಟು ಪೊರೆ ಕಟ್ಟಿ ಒಣಗಿದರೆ ತುಂಬಿದ್ದಕ್ಕೂ ಖಾಲಿಗೂ ವ್ಯತ್ಯಾಸವೇ ಮಾಯ, ಹಕ್ಕಿಯೇ ಕಾಣದು. ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ಅದನ್ನು ಮದುವೆಗೆ ಮೊದಲು, ಚೌಕುಳಿ ಕಾಗದದ ಮೇಲೆ ಮನೆ ಎಣಿಸಿಕೊಂಡು ಹೆಣೆದಳು. ಒಂದು ಸಾಲಿನಲ್ಲಿ ಒಂದು ಮನೆ ತಪ್ಪಿದರೂ ಇಡೀ ಸಾಲನ್ನು ಬಿಚ್ಚುತ್ತಿದ್ದಳಂತೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದ ಹೆಂಗಸರು ಹೆಣೆಯುವ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಸುದ್ದಿ ಓದಿದಾಗ ನನಗೆ ಅಮ್ಮನ ಬೆರಳುಗಳೇ ನೆನಪಾದವು. ಹೆಸರಿಲ್ಲದೆ ಮನೆಮನೆಯಲ್ಲಿ ನಡೆದ ಕೆಲಸ ಅದು, ಬೆಲೆ ಸಿಗಲೇಬೇಕಿತ್ತು.

ನಾನೀಗ ಒಲೆಯ ಮುಂದೆ ನಿಂತೇ ಮಾತನಾಡುತ್ತಿದ್ದೇನೆ. ನಿನಗೆ ಹೇಳುತ್ತಾ ಗಂಜಿಯನ್ನು ಕಾಯಿಸಿಯೇ ಬಿಡೋಣ ಎಂದುಕೊಂಡೆ. ನವಿಲಿಗೆ ಬೇಕಾದಷ್ಟು ತೆಳು ಗಂಜಿ ಇದು: ಎರಡು ಲೋಟ, ಅಂದರೆ 400 ಮಿಲಿಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕಾರ್ನ್ ಫ್ಲೋರ್. ಹಿಟ್ಟನ್ನು ಬಿಸಿನೀರಿಗೆ ನೇರವಾಗಿ ಸುರಿಯಬೇಡ, ಗಂಟಾಗುತ್ತದೆ. ಕಾಲು ಲೋಟ ತಣ್ಣೀರಿನಲ್ಲಿ ಕದಡಿಕೊಂಡು, ಉಳಿದ ನೀರು ಕುದಿಯತೊಡಗಿದಾಗ ಸಣ್ಣ ಧಾರೆಯಾಗಿ ಬಿಡು, ಇನ್ನೊಂದು ಕೈಯಲ್ಲಿ ಕೈಯಾಡಿಸುತ್ತಲೇ ಇರು.

ಈಗ ನೋಡು, ಬಿಟ್ಟ ಕೂಡಲೇ ಪಾತ್ರೆಯಲ್ಲಿ ಹಾಲಿನ ಹಾಗೆ ಬೆಳ್ಳಗಿದೆ. ಇದು ಇನ್ನೂ ಗಂಜಿಯಲ್ಲ, ನೀರಿನಲ್ಲಿ ತೇಲುತ್ತಿರುವ ಹಿಟ್ಟು. ಹೀಗೇ ಬಟ್ಟೆಗೆ ಹಾಕಿದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಸುಮಾರು 65 ಡಿಗ್ರಿ ದಾಟಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಅದು ಕಣ್ಣಿಗೇ ತಿಳಿಯುತ್ತದೆ. ಬಿಳುಪು ಅಂಚಿನಿಂದ ಕರಗುತ್ತಾ ಬರುತ್ತದೆ, ಸೌಟಿಗೆ ಸ್ವಲ್ಪ ಭಾರ ಸಿಗುತ್ತದೆ, ಬಣ್ಣ ಗಾಜಿನ ಹಾಗೆ ತಿಳಿಯಾಗುತ್ತದೆ. ಹಾಂ, ಆಯಿತು, ಈಗ ತಳ ಮಸುಕಾಗಿ ಕಾಣುತ್ತಿದೆ. ಇನ್ನೊಂದು ನಿಮಿಷ ಕುದಿಸಿ ಇಳಿಸುತ್ತೇನೆ. ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಸೋಸದೆ ಹಾಕಿದರೆ ಗಂಟೆಲ್ಲ ನವಿಲಿನ ಕಣ್ಣಿನ ಹತ್ತಿರವೇ ಹೋಗಿ ಕೂರುತ್ತದೆ. ಹಾಕುವಾಗ ಕೈಗೆ ಹಿತವಾಗುವಷ್ಟು ಬೆಚ್ಚಗಿರಬೇಕು. ಆರಿದರೆ ಲೋಳೆಗಟ್ಟುತ್ತದೆ, ನೂಲಿನ ಒಳಗಿಳಿಯದೆ ಮೇಲೆಯೇ ಮೆತ್ತಿಕೊಳ್ಳುತ್ತದೆ.

ಕಾರ್ನ್ ಫ್ಲೋರ್ ಇಲ್ಲದಿದ್ದರೆ ಸಬ್ಬಕ್ಕಿ ಗಂಜಿ ಆಗುತ್ತದೆ. ಗಾಢ ಬಣ್ಣದ ದಾರಕ್ಕೆ ಅದೇ ವಾಸಿ, ಬಿಳಿ ಕಲೆ ಬೀಳುವುದು ಕಡಿಮೆ. ಅನ್ನ ಬಸಿದ ಗಂಜಿ ಸೀರೆಗೆ ಚೆನ್ನ, ಇಂಥ ಕೆಲಸಕ್ಕೆ ಅದರ ಬಲ ಸಾಲದು.

ಗಂಜಿ ಹತ್ತಿಗೆ ಇಷ್ಟು ಚೆನ್ನಾಗಿ ಹಿಡಿಯುವುದಕ್ಕೆ ಕಾರಣವಿದೆ. ಹತ್ತಿಯ ಎಳೆಯೂ ಪಿಷ್ಟವೂ ಗ್ಲೂಕೋಸಿನ ಕೊಂಡಿಗಳಿಂದಲೇ ಆದವು, ಒಂದೇ ವಂಶದವು ಎನ್ನು. ಒಣಗುವಾಗ ಒಂದಕ್ಕೊಂದು ಒಗ್ಗಿ ಹಿಡಿದುಕೊಳ್ಳುತ್ತವೆ. ನಿನ್ನ ಬುಟ್ಟಿಯ ಮೇಲಿನ ಹಳದಿ ಹೂವುಗಳು ಅಕ್ರಿಲಿಕ್ ಉಲ್ಲನ್ನಿನವು ಎಂದು ಫೋಟೋದಲ್ಲಿ ಕಾಣುತ್ತದೆ. ಅದು ಪ್ಲಾಸ್ಟಿಕ್ ಜಾತಿಯ ನೂಲು, ಗಂಜಿ ಅದರ ಮೇಲೆ ಧೂಳಿನ ಹಾಗೆ ಕೂತು ಉದುರುತ್ತದೆ. ಅದಕ್ಕೆ ಬಿಸಿ ಇಸ್ತ್ರಿಯನ್ನೂ ತಾಕಿಸಬೇಡ, ಕರಗಿಬಿಡುತ್ತದೆ.

ನವಿಲನ್ನು ಮೊದಲು ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆಯಿರುವಾಗಲೇ ಗಂಜಿಗೆ ಇಳಿಸು. ಹಿಂಡಬೇಡ, ಟವೆಲ್ಲಿನಲ್ಲಿ ಸುತ್ತಿ ಒತ್ತು. ಥರ್ಮೋಕೋಲ್ ಹಲಗೆಯ ಮೇಲೆ ಗೆರೆ ಎಳೆದ ಕಾಗದ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗೆರೆಗೆ ಸರಿಯಾಗಿ ಬಟ್ಟೆ ಹರಡಿ, ನಾಲ್ಕು ಮೂಲೆಗೆ ಮೊದಲು ಗುಂಡುಸೂಜಿ ಚುಚ್ಚು, ಆಮೇಲೆ ಅಂಚಿನ ಒಂದೊಂದು ಕಮಾನಿಗೂ. ತುಕ್ಕು ಹಿಡಿಯದ ಸ್ಟೀಲಿನ ಸೂಜಿಯೇ ಆಗಬೇಕು. ಒಮ್ಮೆ ನಾನು ಕಾಗದಕ್ಕೆ ಚುಚ್ಚುವ ಮಾಮೂಲಿ ಪಿನ್ನು ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಬಿಳಿ ಮೇಜುಬಟ್ಟೆಯ ಸುತ್ತಲೂ ಕಂದು ಚುಕ್ಕೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಹಚ್ಚಿ ಬಿಸಿಲಿಗಿಟ್ಟು ಮೂರು ದಿನ ಹೆಣಗಿದೆ. ಎರಡು ಚುಕ್ಕೆ ಇವತ್ತಿಗೂ ಇವೆ.

ಸೂಜಿ ಚುಚ್ಚಿದ ಮೇಲೆ ಇನ್ನೊಂದು ಕೆಲಸ, ಇದನ್ನು ಮಾತ್ರ ಮರೆಯಬೇಡ. ಬಗ್ಗಿ ಅಡ್ಡ ಬೆಳಕಿನಲ್ಲಿ ನೋಡು. ಖಾಲಿ ಮನೆಗಳಲ್ಲಿ ಗಂಜಿಯ ಪೊರೆ ಸೋಪಿನ ಗುಳ್ಳೆಯ ಹಾಗೆ ಹೊಳೆಯುತ್ತಿರುತ್ತದೆ. ಬಾಯಿಯಿಂದ ಫೂ ಎಂದು ಊದಿದರೆ ಒಡೆಯುತ್ತದೆ, ಹಠ ಮಾಡುವುದನ್ನು ಕ್ರೋಶಾ ಕಡ್ಡಿಯ ತುದಿಯಿಂದ ಚುಚ್ಚಿ ಬಿಡಿಸು. ಅಮ್ಮ ಇದನ್ನು ನಮ್ಮಿಬ್ಬರಿಗೂ, ಅಂದರೆ ನಿನ್ನ ಅಮ್ಮನಿಗೂ ನನಗೂ, ಪಾಲು ಮಾಡಿ ಕೊಡುತ್ತಿದ್ದಳು. ನನಗೆ ಬಾಲದ ಭಾಗ, ಅವಳಿಗೆ ಕತ್ತಿನ ಭಾಗ. ಊದಿ ಊದಿ ತಲೆ ತಿರುಗುತ್ತಿತ್ತು, ಆದರೂ ಒಂದು ಮನೆ ಬಿಡುತ್ತಿರಲಿಲ್ಲ. ಮುಕ್ಕಾಲು ಒಣಗಿದಾಗ ಸೂಜಿ ತೆಗೆದು, ಟವೆಲ್ಲಿನ ಮೇಲೆ ಮಗುಚಿ ಹಾಕಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಇಸ್ತ್ರಿ ಒತ್ತು. ಉಜ್ಜಬೇಡ, ಒತ್ತಿ ಎತ್ತು.

ಹಬ್ಬ ಮುಗಿದ ಮೇಲೆ ಅಮ್ಮ ಆ ಗಂಜಿಯನ್ನೆಲ್ಲ ತೊಳೆದು ತೆಗೆಯುತ್ತಿದ್ದಳು. ಅಷ್ಟು ಕಷ್ಟಪಟ್ಟು ಹಾಕಿದ್ದನ್ನು ಯಾಕೆ ತೊಳೆಯುತ್ತೀ ಎಂದು ನಾನು ಜಗಳವಾಡುತ್ತಿದ್ದೆ. ಗಂಜಿ ಎಂದರೆ ಆಹಾರ, ಬೀರುವಿನಲ್ಲಿ ಜಿರಳೆಗೂ ಪುಸ್ತಕ ತಿನ್ನುವ ಹುಳುವಿಗೂ ಹಬ್ಬ. ಬಿಗಿಯಾದ ಬಟ್ಟೆಯನ್ನು ಮಡಿಚಿಟ್ಟರೆ ಮಡಿಕೆಯಲ್ಲಿ ನೂಲು ಮುರಿಯುತ್ತದೆ ಕೂಡ. ಅವಳು ಗಂಜಿ ತೆಗೆದು, ಪೂರ್ತಿ ಒಣಗಿಸಿ, ಹಳೆಯ ಪಂಚೆಯ ಮೇಲೆ ಹಾಸಿ ಸುರುಳಿ ಸುತ್ತಿ ಇಡುತ್ತಿದ್ದಳು. ಇಷ್ಟು ವರ್ಷವಾದರೂ ಒಂದು ಮನೆಯೂ ಹರಿಯದೆ ಅದು ನಿನ್ನ ಕೈಗೆ ಬಂದದ್ದು ಹಾಗೆ.

ಈಗ ಬುಟ್ಟಿಗಳ ವಿಷಯ. ಇವಕ್ಕೆ ಚಿಕ್ಕಮ್ಮ ಹೇಳಿದ ಅಂಟೇ ಸರಿ, ನನ್ನ ಒಪ್ಪಿಗೆಯಿದೆ. ಗಂಜಿಯ ಪರವಾಗಿ ಇಷ್ಟೆಲ್ಲ ಮಾತನಾಡಿದ ನಾನು ಹೀಗೆ ಹೇಳುವುದಕ್ಕೆ ಕಾರಣ ನಿಮ್ಮ ಮಂಗಳೂರಿನ ಗಾಳಿ. ನಿನ್ನ ಅಮ್ಮನ ಸೀಮಂತಕ್ಕೆಂದು ಜುಲೈನಲ್ಲಿ ಆರು ಕ್ರೋಶಾ ಬಟ್ಟಲು ತಂದಿದ್ದೆ, ಅರಿಶಿನ ಕುಂಕುಮ ಇಡಲು. ಇಲ್ಲಿ ಬಳ್ಳಾರಿಯಲ್ಲಿ ಮಂದ ಗಂಜಿ ಹಾಕಿ ಒಣಗಿಸಿದಾಗ ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎನ್ನುತ್ತಿದ್ದವು. ಅಲ್ಲಿ ಮೂರನೆಯ ದಿನಕ್ಕೆ ಅಂಚು ಬಾಗಿತು, ನಾಲ್ಕನೆಯ ದಿನ ಮುಗ್ಗಲು ವಾಸನೆ. ಪಿಷ್ಟ ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದರಿಂದ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಸಕ್ಕರೆಯಂತೂ ಇನ್ನೂ ಬೇಗ ಅಂಟಂಟಾಗುತ್ತದೆ, ಮೇಲೆ ಇರುವೆ ಸಾಲು. ಮಾವ ಹೇಳಿದ್ದು ಸುಳ್ಳಲ್ಲ, ಪಾಕ ಒಣಗಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಆದರೆ ಅದು ಇಲ್ಲಿನ ಏಪ್ರಿಲ್ ಬಿಸಿಲಿನ ಮಾತು, ನಿಮ್ಮಲ್ಲಿನ ಭಾದ್ರಪದದ್ದಲ್ಲ.

ಬಿಳಿ ಅಂಟು ಒಂದು ಪಾಲು, ನೀರು ಒಂದು ಪಾಲು. ಹನ್ನೆರಡನ್ನೂ ಒಟ್ಟಿಗೆ ಅದ್ದಬೇಡ, ಮೊದಲು ಒಂದನ್ನು ಮಾಡಿ ಒಂದು ರಾತ್ರಿ ಬಿಟ್ಟು ನೋಡು. ಅದಕ್ಕೂ ಮೊದಲು ಆ ಕೆಂಪು ಅಂಚನ್ನು ಪರೀಕ್ಷಿಸು. ಒದ್ದೆ ಮಾಡಿ ಬಿಳಿ ಕರವಸ್ತ್ರದಲ್ಲಿ ಗಟ್ಟಿಯಾಗಿ ಒತ್ತು. ಕರವಸ್ತ್ರ ಗುಲಾಬಿಯಾದರೆ ಬಣ್ಣ ಬಿಡುವ ದಾರ ಅದು. ಅದ್ದಿದರೆ ಬಿಳಿ ಭಾಗವೆಲ್ಲ ಹಾಳು. ಆಗ ಬ್ರಷ್ಷಿನಿಂದ ಬಿಳಿಗೆ ಬೇರೆ, ಕೆಂಪಿಗೆ ಬೇರೆ ಹಚ್ಚಬೇಕು.

ಅಚ್ಚಿಗೆ ಅಡುಗೆಮನೆಯ ಸ್ಟೀಲ್ ಬಟ್ಟಲೇ ಸಾಕು. ಬುಟ್ಟಿಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ, ಹೆಣಿಗೆ ಬಿಗಿಯಾಗಿ ಕೂರಬೇಕು. ಬಟ್ಟಲಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬೋರಲು ಹಾಕಿ, ಮೇಲೆ ಬುಟ್ಟಿ ತೊಡಿಸು. ತಳವನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡು, ಇಲ್ಲವಾದರೆ ಬುಟ್ಟಿ ಓಲಾಡುತ್ತದೆ. ಕೆಳಗೆ ಹಳೆಯ ಪತ್ರಿಕೆ ಹಾಸಬೇಡ, ಅಂಟಿಕೊಂಡು ಶಾಯಿ ಹತ್ತುತ್ತದೆ. ನಾಲ್ಕೈದು ಗಂಟೆಯಾದ ಮೇಲೆ ಒಮ್ಮೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ ಮತ್ತೆ ಕೂರಿಸು, ಕೊನೆಯಲ್ಲಿ ಸಲೀಸಾಗಿ ಬಿಡುತ್ತದೆ. ಫ್ಯಾನಿನ ಕೆಳಗೆ ನಿಮ್ಮ ಊರಿನಲ್ಲಿ ಎರಡು ದಿನ ಬೇಕು. ಒಂದು ಸಲಕ್ಕೆ ಸಾಲದಿದ್ದರೆ ಇನ್ನೊಂದು ತೆಳು ಪದರ ಹಚ್ಚು, ಒಂದೇ ಸಲ ದಪ್ಪ ಹಚ್ಚಿದರೆ ಹೆಣಿಗೆಯ ಅಂದವೇ ಮುಚ್ಚಿಹೋಗುತ್ತದೆ. ತಾಂಬೂಲದ ವೀಳ್ಯದೆಲೆ ಒದ್ದೆಯಿರುತ್ತದೆ, ಒಳಗೆ ಬಾಳೆ ಎಲೆಯ ತುಂಡು ಹಾಸಿ ಇಡು.

ಮುಂದಿನ ಸಲ ಬುಟ್ಟಿ ಹೆಣೆಯುವಾಗ ಎರಡು ಎಳೆ ಸೇರಿಸಿ, ಒಂದು ನಂಬರ್ ಸಣ್ಣ ಕಡ್ಡಿಯಲ್ಲಿ, ಗೋಡೆಯನ್ನೆಲ್ಲ ಸಿಂಗಲ್ ಕ್ರೋಶಾ ಎಂಬ ಗಿಡ್ಡ ಹೆಣಿಗೆಯಲ್ಲೇ ಏರಿಸು. ಆಗ ಅರ್ಧ ಬಿಗಿ ಹೆಣಿಗೆಯಲ್ಲೇ ಬಂದಿರುತ್ತದೆ.

ಉಳಿದ ಅಂಟು ದಂಡವಾಗುತ್ತದೆ ಎಂಬ ಸಂಕಟ ನಿನಗಿದೆ, ಗೊತ್ತು. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡು. ಬುಟ್ಟಿ ಮುಗಿದ ವಾರದಲ್ಲೇ ಮಕ್ಕಳನ್ನು ಕೂರಿಸಿಕೊಂಡು ಬಲೂನು ಊದಿ, ಅಂಟಿನಲ್ಲಿ ಅದ್ದಿದ ದಾರವನ್ನು ಅಡ್ಡಾದಿಡ್ಡಿ ಸುತ್ತಿಸು. ಒಣಗಿದ ಮೇಲೆ ಬಲೂನು ಒಡೆದು ಎಳೆದರೆ ದೀಪಾವಳಿಗೆ ಗೂಡುದೀಪ ಸಿದ್ಧ. ಒಳಗೆ ಎಲ್‌ಇಡಿ ಬಲ್ಬ್ ಮಾತ್ರ, ಹಣತೆ ಬೇಡವೇ ಬೇಡ, ಹತ್ತಿಯೂ ಅಂಟೂ ಉರಿಯುವ ವಸ್ತುಗಳು.

ನವಿಲಿಗೆ ಗಂಜಿ ಹಾಕುವುದನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೋ, ಎರಡು ದಿನವಾದರೂ ನೆಟ್ಟಗೆ ನಿಲ್ಲುತ್ತದೆ. ಪೊರೆ ಊದಲು ಮಗಳನ್ನು ಕರೆ. ನಾನು ಕಾಯಿಸಿದ ಗಂಜಿಯ ಫೋಟೋವನ್ನು ಇದರ ಕೆಳಗೆ ಹಾಕುತ್ತೇನೆ, ಬಣ್ಣ ಸರಿಯಾಗಿ ನೋಡಿಕೋ. ಮೊದಲ ಬುಟ್ಟಿ ಒಣಗಿದ ಕೂಡಲೇ ಅದನ್ನು ಬದಿಯಿಂದ ಒಂದು ಫೋಟೋ ತೆಗೆದು ಕಳಿಸು, ತಳ ಓಲಾಡುತ್ತದೆಯೇ ಎಂದು ನೋಡಿ ಹೇಳುತ್ತೇನೆ.