ಬಾರಾ ಕಮಾನಿನ ಎದುರು ಒಂದು ವೆಬ್‌ಸೈಟು

ವಿಜಯಪುರದಲ್ಲಿ ಸಂಜೆ ಬಿಸಿಲು ಸ್ವಲ್ಪ ಮೆತ್ತಗಾದ ಮೇಲೆ ನಮ್ಮ ನಾಲ್ಕು ಜನರ ಹರಟೆ ಶುರುವಾಗುತ್ತದೆ. ಜಾಗ ಬಾರಾ ಕಮಾನಿನ ಹತ್ತಿರದ ಚಹಾ ಅಂಗಡಿ. ಊರು ಇಂಡಿ ಕಡೆ ಆದ್ದರಿಂದ ಇಂಡಿ ಸರ್ ಅಂತ ಕರೆಸಿಕೊಳ್ಳುವ, ಚೀಲದಲ್ಲಿ ಸದಾ ನಾಲ್ಕು ಲಿಂಬೆಹಣ್ಣು ಇಟ್ಟುಕೊಂಡಿರುವ ಹಿರಿಯರು ಒಬ್ಬರು. ಲೈಬ್ರರಿ ನೋಡಿಕೊಳ್ಳುವ ಅಕ್ಕಾರು. ಅತಿಥಿ ಉಪನ್ಯಾಸಕನಾಗಿರುವ ಒಬ್ಬ ಹುಡುಗ, ಅವನನ್ನು ಎಲ್ಲರೂ ತಮ್ಮ ಅನ್ನುತ್ತೇವೆ. ಮತ್ತೆ ನಾನು. ಹೋದ ವರ್ಷ ವಿಭಾಗದ ಮೀಟಿಂಗಿನಲ್ಲಿ 'ಮೊಬೈಲಿನಲ್ಲಿ ಪಿಡಿಎಫ್ ಮಾಡೋದು ನನಗೆ ಬರುತ್ತದೆ' ಅಂದುಬಿಟ್ಟೆ. ಅವತ್ತಿನಿಂದ ವಿಭಾಗದ ವೆಬ್‌ಸೈಟಿನ ನೋಡಲ್ ಅಧಿಕಾರಿ ನಾನೇ.

"ಏನ್ರೀ, ವೆಬ್‌ಸೈಟು ಮುಗೀತಾ?" ಅಂದರು ಇಂಡಿ ಸರ್.

ನಾನು ಸುಮ್ನೆ ಎದುರಿಗಿದ್ದ ಕಮಾನುಗಳ ಕಡೆ ಕೈ ತೋರಿಸಿದೆ. ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿ ಕಟ್ಟಿಸಲು ಹೊರಟ. 1672ರಲ್ಲಿ ಅವನೇ ತೀರಿಕೊಂಡ. ಕಮಾನುಗಳು ಎದ್ದವು, ಮೇಲೆ ಗುಮ್ಮಟ ಬರಲೇ ಇಲ್ಲ.

"ಅದನ್ನು ನೋಡೋಕೆ ಜನ ಆದರೂ ಬರುತ್ತಾರೆ. ನಿಮ್ಮದನ್ನು?" ಅಂದರು ಅವರು.

ಹಳೆಯ ವೆಬ್‌ಸೈಟಿನ ಕಥೆ ಕೇಳಿ. ಅದನ್ನು ಒಬ್ಬ ವಿದ್ಯಾರ್ಥಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂತ ಮಾಡಿದ್ದ. ಮದುವೆ ಕಾರ್ಡಿನ ಹಾಗಿತ್ತು. ಹಳದಿ ಹಿನ್ನೆಲೆ, ಕೆಂಪು ಅಕ್ಷರ. ನೋಟಿಸು ಬಲಗಡೆಯಿಂದ ಎಡಗಡೆಗೆ ಎಷ್ಟು ಜೋರಾಗಿ ಓಡುತ್ತಿತ್ತು ಅಂದರೆ, ಪರೀಕ್ಷೆ ತಾರೀಖು ಹಿಡಿಯಲು ಮೂರು ಸುತ್ತು ಕಾಯಬೇಕಿತ್ತು. ಪಕ್ಕದಲ್ಲಿ 'ಹೊಸದು' ಅಂತ ಮಿನುಗುವ ದೀಪ. ಆ ಹೊಸದು 2016ರದ್ದು. ಹುಡುಗ ಪಾಸಾಗಿ ಬೆಂಗಳೂರಿಗೆ ಹೋದ, ಪಾಸ್‌ವರ್ಡೂ ಅವನ ಜೊತೆ ಹೋಯಿತು. ಫೋನ್ ಮಾಡಿದರೆ, "ಸರ್, ಅದು ನನ್ನ ಹಳೇ ಜಿಮೇಲಿನಲ್ಲಿ ಇತ್ತು, ಆ ಜಿಮೇಲಿನ ಪಾಸ್‌ವರ್ಡು ಮರೆತಿದೆ" ಅಂದ.

ಆಮೇಲೆ ವಿಶ್ವವಿದ್ಯಾಲಯವೇ ಎಲ್ಲ ವಿಭಾಗಗಳಿಗೂ ಒಂದೇ ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಪುಟದ ಅಚ್ಚು, ಕೊಟ್ಟಿತು. ತಲೆಯ ಮೇಲೆ ಲಾಂಛನ, ಪಕ್ಕಕ್ಕೆ ಮೆನು, ಕೆಳಗೆ ವಿಳಾಸ, ಇವನ್ನೆಲ್ಲ ನಾವು ಮುಟ್ಟುವಂತಿಲ್ಲ. ನಡುವಿನ ಜಾಗ ಮಾತ್ರ ನಮ್ಮದು.

"ಇದು ಅನ್ಯಾಯ," ಅಂದರು ಇಂಡಿ ಸರ್. "ನಮ್ಮ ವಿಭಾಗಕ್ಕೆ ಒಂದು ಚಹರೆ ಬೇಡವಾ? ಎಲ್ಲಾ ಒಂದೇ ಥರ ಇದ್ದರೆ ಯಾವುದು ಯಾರ ಮನೆ ಅಂತ ಹೇಗೆ ಗೊತ್ತಾಗಬೇಕು?"

ಅಕ್ಕಾರು ತಮ್ಮ ಸೆರಗು ಎತ್ತಿ ತೋರಿಸಿದರು. "ಇದು ಇಳಕಲ್ ಸೀರೆ ಅಂತ ದೂರದಿಂದ ನೋಡಿದವರಿಗೂ ಗೊತ್ತಾಗುತ್ತದೆ. ಯಾಕೆ? ಸೆರಗು ಕೆಂಪು, ಅದರ ಮೇಲೆ ತೋಪು ತೆನಿ ಅನ್ನೋ ಬಿಳಿ ವಿನ್ಯಾಸ. ಅದನ್ನು ಯಾರೂ ಬದಲು ಮಾಡಲ್ಲ. ಒಡಲು ಯಾವ ಬಣ್ಣದ್ದು ಬೇಕು ಅಂತ ಮಾತ್ರ ನಾವು ಕೇಳೋದು. ಟೆಂಪ್ಲೇಟ್ ಅಂದರೆ ಸೆರಗು, ದಡಿ. ನಿಮ್ಮ ಪಾಠ, ಸಿಲೆಬಸ್ ಎಲ್ಲಾ ಒಡಲು. ನೀವು ಒಡಲು ನೇಯೋದು ಬಿಟ್ಟು ಸೆರಗಿಗೆ ಜಗಳ ಮಾಡ್ತೀರಿ."

ಇಂಥ ಮಾತು ಕಂಪ್ಯೂಟರ್ ಸೆಂಟರಿನವರಿಗೆ ಹೊಳೆದಿದ್ದರೆ ಎರಡು ಟ್ರೇನಿಂಗ್ ಉಳಿಯುತ್ತಿತ್ತು. ಅವರು ನೂರಾರು ಸ್ಲೈಡ್ ತೋರಿಸಿದ್ದರು. ನನಗೆ ನೆನಪಿರೋದು ಮಧ್ಯದಲ್ಲಿ ಕೊಟ್ಟ ಉಪ್ಪಿಟ್ಟು ಒಂದೇ.

ತಮ್ಮ ಇನ್ನೊಂದು ಗುಟ್ಟು ಹೇಳಿದ. ಟೆಂಪ್ಲೇಟಿನಲ್ಲಿ ಬರಹ ಒಂದು ಕಡೆ ಇರುತ್ತದೆ, ರೂಪ ಇನ್ನೊಂದು ಕಡೆ. ಕೆಳಗಿನ ಫೋನ್ ನಂಬರ್ ಬದಲಾದರೆ ಒಂದೇ ಜಾಗದಲ್ಲಿ ತಿದ್ದಿದರೆ ಸಾಕು, ಎಲ್ಲ ವಿಭಾಗಗಳಲ್ಲೂ ಬದಲಾಗುತ್ತದೆ. ಮೊಬೈಲಿಗೆ ಬೇರೆ ಪುಟ ಮಾಡಬೇಕಿಲ್ಲ, ಅದೇ ಮಡಚಿಕೊಳ್ಳುತ್ತದೆ.

"ಅದೆಲ್ಲಾ ಇರಲಿ, ನನ್ನ ಹೆಸರು ಕೆಳಗೆ ಯಾಕೆ ಹೋಗಿತ್ತು?" ಅಂದರು ಇಂಡಿ ಸರ್.

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಟೆಂಪ್ಲೇಟ್ ಅಧ್ಯಾಪಕರ ಪಟ್ಟಿಯನ್ನು ಅಕ್ಷರಗಳ ಸಾಲಿನಲ್ಲಿ ಜೋಡಿಸಿಬಿಟ್ಟಿತ್ತು. ಜೂನಿನಲ್ಲಿ ಸೇರಿದ ಹುಡುಗಿ ಮೊದಲನೆಯವಳು, ಇಂಡಿ ಸರ್ ಕೊನೆಯವರು. ನಮ್ಮ ಸೈಟು ನಿಂತಿರುವುದು ಡ್ರೂಪಲ್ ಅನ್ನುವ ತಂತ್ರಾಂಶದ ಮೇಲೆ. ಪಟ್ಟಿಯ ಸಾಲು ಬದಲಿಸಬೇಕಾದರೆ ಅದರಲ್ಲಿ ಪ್ರತಿ ಹೆಸರಿಗೂ ಒಂದು 'ತೂಕ' ಕೊಡಬೇಕು. ಕಡಿಮೆ ತೂಕದ್ದು ಮೇಲೆ ತೇಲುತ್ತದೆ, ಜಾಸ್ತಿ ತೂಕದ್ದು ಕೆಳಗೆ ಮುಳುಗುತ್ತದೆ. ನಾನು ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಅವರ ಹೆಸರಿನ ಮುಂದೆ ಮೈನಸ್ ಹತ್ತು ಅಂತ ಹೊಡೆದೆ. ಹೆಸರು ಮೇಲೆ ಬಂತು. ಆದರೆ ಅವರು ನೋಡಿದ್ದು ಅಂಕಿಯನ್ನು ಮಾತ್ರ.

"ಮೂವತ್ತು ವರ್ಷ ಪಾಠ ಮಾಡಿದವನ ತೂಕ ಮೈನಸ್ ಹತ್ತು! ನಿನ್ನೆ ಬಂದವಳ ತೂಕ ಇಪ್ಪತ್ತು!" ಅಂತ ಈಗಲೂ ಚಹಾ ಕುಡಿಯುವಾಗ ನೆನಪಾದರೆ ಲೋಟ ಕೆಳಗಿಡುತ್ತಾರೆ.

ಅದಕ್ಕಿಂತ ದೊಡ್ಡದು ಅಕ್ಷರದ ರಗಳೆ. ಆಫೀಸಿನ ಗುಮಾಸ್ತರು ವಿಭಾಗದ ಇತಿಹಾಸವನ್ನು ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ನಾನು ಕಾಪಿ ಮಾಡಿ ಪೇಸ್ಟ್ ಮಾಡಿದೆ. ಪುಟದ ತುಂಬ ಟೊಪ್ಪಿಗೆ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ಬಾಡಿಗೆಗೆ ಇಡುತ್ತಿದ್ದವು. ಫಾಂಟ್ ಇಲ್ಲದ ಕಡೆ ಮನೆ ಮಾಲೀಕ ಹೊರಗೆ ಬರುತ್ತಾನೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಅವುಗಳದೇ ನಂಬರ್ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೇ 128 ಮನೆಗಳ ಓಣಿ ಇದೆ, ಸ್ವಂತದ್ದು. ತಮ್ಮ ಒಂದು ಪರಿವರ್ತಕ ಹುಡುಕಿ ಎಲ್ಲವನ್ನೂ ಬದಲಿಸಿದ. ಆದರೂ ಒತ್ತಕ್ಷರಗಳು ಎರಡು ಕಡೆ ಜಾರಿದ್ದವು. ಅವನ್ನು ಕೈಯಲ್ಲೇ ತಿದ್ದಿದೆವು.

"ನಮ್ಮ ಹುಡುಗರಿಗೆ ಓದೋಕೆ ಬಂದರೆ ಸಾಕಲ್ವಾ, ಕಾಗದದ ಫೋಟೋ ಹಾಕಿಬಿಡಿ," ಅಂದರು ಇಂಡಿ ಸರ್.

ಅಕ್ಕಾರು ತಲೆ ಅಲ್ಲಾಡಿಸಿದರು. ಲೈಬ್ರರಿಗೆ ಬರುವ ಒಬ್ಬ ಹುಡುಗನಿಗೆ ಕಣ್ಣು ಕಾಣಿಸುವುದಿಲ್ಲ. ಫೋನೇ ಅವನಿಗೆ ಪುಟ ಓದಿ ಹೇಳುತ್ತದೆ. ನಾನು ಶುಲ್ಕದ ನೋಟಿಸನ್ನು ಫೋಟೋ ಹೊಡೆದು ಹಾಕಿದ್ದೆ. ಫೋನು ಅವನಿಗೆ 'ಚಿತ್ರ' ಅಂತ ಹೇಳಿ, ಫೈಲಿನ ಉದ್ದದ ನಂಬರ್ ಓದಿ ಸುಮ್ಮನಾಗಿದೆ. ಅವನು ಕೊನೆಯ ದಿನ ಕಳೆದ ಮೇಲೆ ಬಂದು, "ಅಕ್ಕಾರೇ, ಆ ನಂಬರಿಗೆ ದುಡ್ಡು ಕಟ್ಟಬೇಕಾ?" ಅಂತ ಕೇಳಿದನಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದಂಡ ಮನ್ನಾ ಮಾಡಿಸಲು ನಾನೇ ಓಡಾಡಿದೆ ಅನ್ನುವುದನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ಅಲ್ಲಿ ಯಾರೂ ಕೇಳಲಿಲ್ಲ.

ಫೋಟೋಗಳದ್ದು ಬೇರೆ ಕಥೆ. ವಿಚಾರ ಸಂಕಿರಣದ 12 ಫೋಟೋ, ಒಂದೊಂದು 8 ಎಂಬಿ. ಮೊದಲ ಪುಟಕ್ಕೇ 96 ಎಂಬಿ. ಹನ್ನೆರಡರಲ್ಲೂ ದೀಪ ಹಚ್ಚುವುದೇ, ಹಚ್ಚುವವರು ಮಾತ್ರ ಬೇರೆ ಬೇರೆ.

ಟೆಂಪ್ಲೇಟಿನ ಜೊತೆ ಬಂದ ಮಾದರಿ ಫೋಟೋವನ್ನಂತೂ ತೆಗೆಯಲೇ ಮರೆತಿದ್ದೆ. ಹಸಿರು ಹುಲ್ಲು, ಸ್ವೆಟರ್ ಹಾಕಿದ ಬಿಳಿ ಹುಡುಗ ಹುಡುಗಿಯರು, ಎಲ್ಲರೂ ನಗುತ್ತಿದ್ದಾರೆ. ಏಪ್ರಿಲಿನಲ್ಲಿ, 40 ಡಿಗ್ರಿ ಬಿಸಿಲಲ್ಲಿ, ತಾಳಿಕೋಟೆಯಿಂದ ಮಗಳನ್ನು ಕರೆದುಕೊಂಡು ಬಂದ ಒಬ್ಬ ತಂದೆ ಫೋನ್ ಹಿಡಿದು ಆ ಹುಲ್ಲು ಹುಡುಕುತ್ತಾ ಕ್ಯಾಂಪಸ್ ಪೂರ್ತಿ ಸುತ್ತಿದರು.

"ಇಷ್ಟೆಲ್ಲಾ ನೋಡುವವರು ವಿಭಾಗದ ಮುಖ್ಯಸ್ಥರ ಸಂದೇಶ ನೋಡಿಲ್ಲವಾ?" ಅಂತ ತಮ್ಮ ಕಣ್ಣು ಮಿಟುಕಿಸಿದ.

ನೋಡಿದ್ದಾರೆ, ಅದೇ ಕಷ್ಟ. ಮುಖ್ಯಸ್ಥರು ಬರೆದು ಕೊಡಲಿಲ್ಲವಾದ್ದರಿಂದ ಆರು ತಿಂಗಳಿಂದ ಅಲ್ಲಿ ಟೆಂಪ್ಲೇಟಿನ ತುಂಬುಪಠ್ಯವೇ ಇತ್ತು. ಲೋರೆಮ್ ಇಪ್ಸಮ್ ಅಂತ ಶುರುವಾಗುವ ಲ್ಯಾಟಿನ್ ತುಣುಕುಗಳು. ರೋಮಿನ ಸಿಸೆರೋ ಕ್ರಿಸ್ತಪೂರ್ವ 45ರಲ್ಲಿ ಬರೆದ ಗ್ರಂಥದಿಂದ ಚೂರು ಚೂರು ಮಾಡಿ ಎತ್ತಿದ್ದು, ಅರ್ಥ ಏನೂ ಉಳಿದಿಲ್ಲ. ಮೇಲೆ ಮುಖ್ಯಸ್ಥರ ಟೈ ಕಟ್ಟಿದ ಫೋಟೋ, ಕೆಳಗೆ ಲ್ಯಾಟಿನ್. ನಾಲ್ಕು ಜನ ಅವರಿಗೆ 'ಸಂದೇಶ ಚೆನ್ನಾಗಿದೆ' ಅಂತ ಹೇಳಿದ್ದಾರೆ. ಅವರು ಧನ್ಯವಾದವನ್ನೂ ಹೇಳಿದ್ದಾರೆ.

ಈಗ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಸುದ್ದಿ. ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ಹಾಗೆ ವಾಟ್ಸಾಪಿನಲ್ಲಿ ಆ ಸುದ್ದಿ ತಿರುಗುತ್ತಿದೆ. ಎಲ್ಲರಿಗೂ ಒಮ್ಮೆಲೇ ವೆಬ್‌ಸೈಟಿನ ಮೇಲೆ ಪ್ರೀತಿ ಬಂದಿದೆ. ಬೆಳಗ್ಗೆಯಿಂದ ನನಗೆ ಒಂಬತ್ತು ಫೈಲ್ ಬಂದಿವೆ. ಅದರಲ್ಲಿ ಮೂರರ ಹೆಸರು 'ಫೈನಲ್', ಎರಡರದ್ದು 'ಫೈನಲ್ ಹೊಸದು'.

ಅಷ್ಟರಲ್ಲಿ ನನ್ನ ಫೋನ್ ಟಿಂಗ್ ಅಂತು. ಮುಖ್ಯಸ್ಥರು! ಸಂದೇಶ ಕಡೆಗೂ ಬಂತು. ಕೈಯಲ್ಲಿ ಬರೆದ ಎರಡು ಹಾಳೆ, ಅಡ್ಡ ಹಿಡಿದು ಹೊಡೆದ ಫೋಟೋ, ಮೂಲೆಯಲ್ಲಿ ಅವರ ಹೆಬ್ಬೆರಳು. 'ಇವತ್ತೇ ಹಾಕಿ' ಅಂತ ಕೆಳಗೆ.

ಅಕ್ಕಾರು ಕನ್ನಡಕ ಏರಿಸಿ, ಫೋನ್ ತಿರುಗಿಸಿ, ಕೊನೆಗೆ ತಮ್ಮ ಕುತ್ತಿಗೆಯನ್ನೇ ತಿರುಗಿಸಿ ಓದತೊಡಗಿದರು. ತಮ್ಮ ಟೈಪ್ ಮಾಡಲು ಕೂತ. "ನಮ್ಮ ವಿಭಾಗವು... ಇದು 'ಸದಾ'ನೋ 'ಸಾದಾ'ನೋ?" ಇಂಡಿ ಸರ್ ಬಗ್ಗಿ ನೋಡಿ, "ಅದು 'ಸಂದಾಯ' ರೀ" ಅಂದರು. ಹತ್ತು ನಿಮಿಷವಾಯಿತು, ಮೊದಲ ಸಾಲು ದಾಟಲಿಲ್ಲ.

"ಸರ್," ಅಂದ ತಮ್ಮ, ನನ್ನ ಕಡೆ ತಿರುಗಿ, "ಆ ಲ್ಯಾಟಿನ್ ಇನ್ನೊಂದು ವಾರ ಇರಲಿ ಬಿಡಿ. ಅದನ್ನು ಓದೋಕೆ ಆದರೂ ಬರುತ್ತಿತ್ತು."