ಅಪ್‌ಡೇಟ್: ಬೇರೆ ಕಚೇರಿಗೆ ಹಾಕಿದ್ದರು, ಸಂಬಳ ನಿಂತಿತ್ತು

ಸರ್ಕಾರಿ ಕೆಲಸದಲ್ಲಿರುವ ನನ್ನನ್ನು ಬಾಯಿಮಾತಿನಲ್ಲೇ ಇನ್ನೊಂದು ಕಚೇರಿಗೆ ಕಳಿಸಿದ್ದಾರೆ, ಸಂಬಳ ಆಗಿಲ್ಲ, ಇದು ಡೆಪ್ಯುಟೇಶನ್ (ನಿಯೋಜನೆ) ಆಗುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸಂಬಳ ಬಂತು, ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದ ಸಲಹೆ ಒಂದೇ: ಲಿಖಿತ ಆದೇಶ ಕೇಳಿ ಅಂದಿದ್ದು. ಆದೇಶ ಕೈಗೆ ಬಂದಾಗ ನೋಡಿದರೆ ಅದು ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ. ಹುದ್ದೆ ಹಳೆ ಕಚೇರಿಯಲ್ಲೇ ಇದೆ, ಸಂಬಳವೂ ಅಲ್ಲೇ. ಇಲ್ಲಿಂದ ಪ್ರತಿ ತಿಂಗಳು ಹಾಜರಾತಿ ಪ್ರಮಾಣಪತ್ರ ಹೋಗಬೇಕು. ಅದನ್ನು ಯಾರೂ ಕಳಿಸಿರಲಿಲ್ಲ, ಅಷ್ಟೇ! ಈಗ ನಾನೇ ತಿಂಗಳ ಕೊನೆಗೆ ಕೇಸ್ ವರ್ಕರ್ ಹತ್ತಿರ ಹೋಗಿ ನೆನಪಿಸುತ್ತೇನೆ.

ಡೆಪ್ಯುಟೇಶನ್ ಭತ್ಯೆ ಕೇಳಿ ಅಂದಿದ್ದರಲ್ಲ, ಅದು ನಡೆಯಲಿಲ್ಲ. ಓಓಡಿಗೆ ಅದು ಅನ್ವಯಿಸಲ್ಲ ಅಂದರು.

ಗೊತ್ತಿರದಿದ್ದ ಇನ್ನೊಂದು ವಿಷಯ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 32ರಲ್ಲಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ಕೊಟ್ಟರೆ ಅದು ಬಡ್ತಿ ಅಲ್ಲ, ಜ್ಯೇಷ್ಠತೆಯೂ ಸಿಗಲ್ಲ. ನಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನೂ ನೋಡಿಕೊಂಡರೆ ಪ್ರಭಾರ ಭತ್ಯೆಗೆ ನಿಯಮ 68 ನೋಡಬೇಕು. ಎರಡಕ್ಕೂ ಜನ ಸುಮ್ನೆ 'ಇನ್‌ಚಾರ್ಜ್' ಅಂತಾರೆ. ಆದೇಶದಲ್ಲಿ ಯಾವ ನಿಯಮ ಬರೆದಿದೆ ಅಂತ ಮೊದಲು ನೋಡಿಕೊಳ್ಳಿ.